ಬರೆದ ಜೋಕಿಲ್ಲದೆ ಒಂದು ಗಂಟೆ: ಕ್ರೌಡ್ ವರ್ಕ್ ನಡೆಯುವ ಬಗೆ

ಅಮೆರಿಕದ ಸ್ಟ್ಯಾಂಡ್‌ಅಪ್ ಹಾಸ್ಯಗಾರ ಟಾಡ್ ಬ್ಯಾರಿ 2013ರಲ್ಲಿ ಪಶ್ಚಿಮ ಕರಾವಳಿಯ ಊರುಗಳಿಗೆ ಪ್ರವಾಸ ಹೊರಟಾಗ, ವರ್ಷಗಟ್ಟಲೆ ಬರೆದು ತಿದ್ದಿ ಪಳಗಿಸಿದ್ದ ಜೋಕುಗಳನ್ನು ಬೇಕೆಂದೇ ಬದಿಗಿಟ್ಟಿದ್ದರು. ವೇದಿಕೆ ಹತ್ತಿ, ಎದುರು ಕೂತವರನ್ನು ಮಾತಾಡಿಸಿ, ಅವರು ಕೊಡುವ ಉತ್ತರಗಳಿಂದಲೇ ಇಡೀ ಕಾರ್ಯಕ್ರಮವನ್ನು ಕಟ್ಟುವುದು ಅವರ ಉದ್ದೇಶವಾಗಿತ್ತು. ಆ ಪ್ರವಾಸದ ಚಿತ್ರೀಕರಣ ಮರುವರ್ಷ ‘ದಿ ಕ್ರೌಡ್ ವರ್ಕ್ ಟೂರ್’ ಎಂಬ ಹೆಸರಿನಲ್ಲಿ ಹೊರಬಂತು. ಬ್ಯಾರಿ ಆರ್ಭಟಿಸುವವರಲ್ಲ, ವೇದಿಕೆಯ ತುಂಬ ಓಡಾಡುವವರೂ ಅಲ್ಲ. ಮೆಲುದನಿಯಲ್ಲಿ, ಮುಖದಲ್ಲಿ ಯಾವ ಭಾವವನ್ನೂ ತೋರದೆ ಮಾತಾಡುವ ಅವರ ಶೈಲಿಯಲ್ಲಿ ಅಬ್ಬರದ ಮರೆಯಿಲ್ಲದ ಕಾರಣ, ಈ ಕಲೆ ಒಳಗಿನಿಂದ ಹೇಗೆ ಕೆಲಸ ಮಾಡುತ್ತದೆ ಎಂಬುದು ನೋಡುವವರಿಗೆ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ.

ಪ್ರೇಕ್ಷಕರೊಡನೆ ನೇರ ಮಾತುಕತೆ ನಡೆಸಿ ಅಲ್ಲಿಯೇ ಹುಟ್ಟಿಸುವ ಹಾಸ್ಯವನ್ನು ಸ್ಟ್ಯಾಂಡ್‌ಅಪ್ ವಲಯದಲ್ಲಿ ಕ್ರೌಡ್ ವರ್ಕ್ ಎನ್ನುತ್ತಾರೆ. ನೋಡುವವರಿಗೆ ಇದು ಶುದ್ಧ ಹಾಜರುಜವಾಬಿನ ಆಟವಾಗಿ ಕಾಣುತ್ತದೆ. ‘ಎಷ್ಟು ಬೇಗ ತಲೆ ಓಡುತ್ತದೆ ನೋಡಿ’ ಎಂದು ನಾವು ಬೆರಗಾಗುತ್ತೇವೆ. ಚುರುಕುತನ ಬೇಕೆಂಬುದು ನಿಜ, ಆದರೆ ಕೆಲಸದ ತಿರುಳು ಅದಲ್ಲ. ಯಾರೋ ಒಬ್ಬ ಅಪರಿಚಿತರು ಸಂಕೋಚದಿಂದ ಹೇಳಿದ ಎರಡು ಪದಗಳನ್ನು, ಇನ್ನೂರು ಜನ ತಮ್ಮದೇ ಎಂದುಕೊಂಡು ನಗುವಂತೆ, ಇಡೀ ಸಭಾಂಗಣದ ಸೊತ್ತಾಗಿ ಮಾಡುವುದೇ ಇಲ್ಲಿನ ನಿಜವಾದ ಕೆಲಸ. ಉಳಿದ ಕೌಶಲಗಳೆಲ್ಲ ಇದಕ್ಕೆ ಒದಗಿ ಬರುವಂಥವು.

ಈ ಪದ್ಧತಿ ಮೊಬೈಲ್ ಕಾಲದಲ್ಲಿ ಹುಟ್ಟಿದ್ದಲ್ಲ. ಪ್ರೇಕ್ಷಕರನ್ನು ಹೀಯಾಳಿಸುವುದನ್ನೇ ಕಸುಬು ಮಾಡಿಕೊಂಡು ಹೆಸರಾದ ಅಮೆರಿಕದ ಡಾನ್ ರಿಕಲ್ಸ್ (1926–2017) ಮೊದಮೊದಲು ಎಲ್ಲರಂತೆ ಸಿದ್ಧ ಜೋಕುಗಳನ್ನೇ ಹೇಳುತ್ತಿದ್ದರು. ಮಧ್ಯೆ ಬಾಯಿ ಹಾಕಿದವರಿಗೆ ತಾವು ಕೊಡುವ ಉತ್ತರಕ್ಕೆ ಜೋಕುಗಳಿಗಿಂತ ದೊಡ್ಡ ನಗು ಬರುತ್ತಿದೆ ಎಂಬುದನ್ನು ಗಮನಿಸಿದ ಮೇಲೆ ಆ ದಾರಿಯನ್ನೇ ಹಿಡಿದರು. ಬ್ರಿಟನ್ನಿನಲ್ಲಿ ಇದಕ್ಕೆ ಇನ್ನೊಂದು ಬೇರು ಇದೆ. ಲಂಡನ್ನಿನ ಸೋಹೊದಲ್ಲಿ 1979ರಲ್ಲಿ ಆರಂಭವಾದ ಕಾಮಿಡಿ ಸ್ಟೋರ್ ಕ್ಲಬ್ಬಿನಲ್ಲಿ ಅಲೆಕ್ಸಿ ಸೇಲ್ ಮೊದಲ ನಿರೂಪಕರಾಗಿದ್ದರು. ಜನರಿಗೆ ಹಿಡಿಸದ ಹಾಸ್ಯಗಾರರನ್ನು ಜಾಗಟೆ ಬಾರಿಸಿ ಇಳಿಸುವ ರೂಢಿ ಅಲ್ಲಿತ್ತು. ಅಂಥ ಕ್ಲಬ್ಬುಗಳಲ್ಲಿ ನಿರೂಪಕರು ಆರಂಭದಲ್ಲಿ ಮುಂದಿನ ಸಾಲಿನವರನ್ನು ಮಾತಾಡಿಸುತ್ತಾರೆ. ದೊಡ್ಡ ನಗು ಗಿಟ್ಟಿಸಿಕೊಳ್ಳುವುದು ಆಗ ಅವರ ಗುರಿಯಲ್ಲ. ಬೇರೆ ಬೇರೆ ಕಡೆಯಿಂದ ಬಂದು, ಒಬ್ಬರಿಗೊಬ್ಬರು ಪರಿಚಯವಿಲ್ಲದೆ ಕೂತಿರುವ ಜನರನ್ನು ಒಂದೇ ಗುಂಪಾಗಿ ಮಾಡಿ ಮುಂದಿನವರಿಗೆ ಒಪ್ಪಿಸುವುದು ಅವರ ಹೊಣೆ. ನನ್ನ ಮಟ್ಟಿಗೆ ಕ್ರೌಡ್ ವರ್ಕ್ ಏನೆಂಬುದನ್ನು ಅರಿಯಲು ರಿಕಲ್ಸ್ ಅವರ ಬೈಗುಳಗಳಿಗಿಂತ ಈ ನಿರೂಪಕರ ಕೆಲಸವೇ ಒಳ್ಳೆಯ ಆರಂಭ.

ಒಂದು ಸಂಭಾಷಣೆಯನ್ನು ಊಹಿಸಿಕೊಂಡು, ಅದನ್ನು ಬಿಡಿಸಿ ನೋಡೋಣ. ಬೆಂಗಳೂರಿನ ಯಾವುದೋ ಸಣ್ಣ ಸಭಾಂಗಣದಲ್ಲಿ ಕನ್ನಡದ ಕಾರ್ಯಕ್ರಮ ನಡೆಯುತ್ತಿದೆ. ಮೊದಲ ಸಾಲಿನಲ್ಲಿ ನಡುವಯಸ್ಸಿನ ದಂಪತಿ ಕೂತಿದ್ದಾರೆ.

“ಏನ್ ಕೆಲಸ ಮಾಡ್ತೀರಾ ಸರ್?”

“ಟೆಸ್ಟಿಂಗ್.”

“ಟೆಸ್ಟಿಂಗ್.” ಹಾಸ್ಯಗಾರ ಸಭೆಯ ಕಡೆ ತಿರುಗಿ ಒಂದು ಕ್ಷಣ ಸುಮ್ಮನಾಗುತ್ತಾನೆ. “ಅಂದ್ರೆ ಬೇರೆಯವರ ತಪ್ಪು ಹುಡುಕೋಕೆ ಸಂಬಳ.”

ಪಕ್ಕದಲ್ಲಿದ್ದ ಹೆಂಡತಿ ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಜೋರಾಗಿ ನಗುತ್ತಾರೆ.

“ಮೇಡಂ, ನೀವ್ಯಾಕೆ ಇಷ್ಟು ನಗ್ತಿದೀರಾ?”

“ಮನೇಲಿ ಫ್ರೀಯಾಗಿ ಮಾಡ್ತಾರೆ.”

ಸಭೆ ಹೋ ಎನ್ನುತ್ತದೆ. ಹಾಸ್ಯಗಾರ ಏನೂ ಹೇಳದೆ, ಮೈಕನ್ನು ಎದೆಯ ಮಟ್ಟಕ್ಕೆ ಇಳಿಸಿ, ಆ ಗಂಡನನ್ನೇ ಅನುಕಂಪದಿಂದ ನೋಡುತ್ತ ನಿಲ್ಲುತ್ತಾನೆ. ಇದಾಗಿ ಅರ್ಧ ಗಂಟೆಯ ಬಳಿಕ, ಬೇರೇನೋ ಪ್ರಸಂಗ ಹೇಳುತ್ತಿರುವಾಗ ಸ್ಪೀಕರ್ ಕೀರಲು ಸದ್ದು ಮಾಡುತ್ತದೆ. ಆತ ಮಾತು ನಿಲ್ಲಿಸಿ ಮೊದಲ ಸಾಲಿನ ಕಡೆ ಕೈ ತೋರಿಸುತ್ತಾನೆ: “ಸರ್, ಇದಕ್ಕೊಂದು ಬಗ್ ರೈಸ್ ಮಾಡ್ಬಿಡಿ.”

ಇಲ್ಲಿ ನಡೆದುದನ್ನು ಒಂದೊಂದಾಗಿ ನೋಡಬೇಕು. ಮೊದಲನೆಯದು ಪ್ರಶ್ನೆ. ‘ನಿಮ್ಮ ಬಗ್ಗೆ ಏನಾದರೂ ಹೇಳಿ’ ಎಂದು ಕೇಳಿದರೆ ಜನ ತಡವರಿಸುತ್ತಾರೆ. ಅದರಿಂದ ಕೆಲಸ ಏನು, ಊರು ಯಾವುದು, ಮದುವೆಯಾಗಿ ಎಷ್ಟು ವರ್ಷವಾಯಿತು, ಜತೆಗೆ ಬಂದವರು ಯಾರು ಎಂಬಂಥ, ಒಂದೆರಡು ಪದಗಳಲ್ಲಿ ಉತ್ತರ ಮುಗಿಯುವ ಪ್ರಶ್ನೆಗಳನ್ನೇ ಎಲ್ಲರೂ ಕೇಳುತ್ತಾರೆ. ಎರಡನೆಯದು ಉತ್ತರವನ್ನು ಮತ್ತೊಮ್ಮೆ ಹೇಳುವುದು. ಈ ಸಣ್ಣ ಪುನರುಕ್ತಿ ಮೂರು ಕೆಲಸಗಳನ್ನು ಒಟ್ಟಿಗೆ ಮಾಡುತ್ತದೆ: ಮೈಕಿಲ್ಲದ ವ್ಯಕ್ತಿಯ ಮಾತು ಹಿಂದಿನ ಸಾಲಿಗೂ ತಲುಪುತ್ತದೆ, ಯೋಚಿಸಲು ಎರಡು ಸೆಕೆಂಡು ಸಿಗುತ್ತದೆ, ಮತ್ತು ಆ ಉತ್ತರದ ಯಾವ ಪದಕ್ಕೆ ಒತ್ತು ಬೀಳಬೇಕೆಂಬುದನ್ನು ಹಾಸ್ಯಗಾರನೇ ನಿರ್ಧರಿಸಿದಂತಾಗುತ್ತದೆ. ಹೊಸಬರು ತಪ್ಪುವುದು ಸಾಮಾನ್ಯವಾಗಿ ಇಲ್ಲಿಯೇ. ಉತ್ತರ ತಮಗೆ ಕೇಳಿಸಿತೆಂದು ಅವರು ನೇರವಾಗಿ ಜೋಕಿಗೆ ಹಾರುತ್ತಾರೆ, ಐದನೇ ಸಾಲಿನಿಂದ ಹಿಂದಿರುವವರಿಗೆ ಯಾವುದಕ್ಕೆ ನಗಬೇಕೆಂದೇ ತಿಳಿಯುವುದಿಲ್ಲ.

ಮೂರನೆಯದು ಗಮನ. ಗಂಡನ ಉತ್ತರದ ಮೇಲೆಯೇ ಇನ್ನೂ ನಾಲ್ಕು ಮಾತು ಹೇಳಬಹುದಾಗಿದ್ದರೂ, ಪಕ್ಕದ ನಗು ಮಾಮೂಲಿನ ನಗುವಲ್ಲ, ಅದರ ಹಿಂದೆ ಒಂದು ಕತೆ ಇದೆ ಎಂಬುದನ್ನು ಹಾಸ್ಯಗಾರ ಗುರುತಿಸಿದ. ನಾಲ್ಕನೆಯದು, ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು, ದೊಡ್ಡ ನಗುವನ್ನು ಆತ ಮೇಡಂ ಅವರಿಗೇ ಬಿಟ್ಟುಕೊಟ್ಟದ್ದು. ಅವರ ಮಾತಿನ ಮೇಲೆ ತನ್ನದೊಂದು ಮಾತನ್ನು ಹೇರಿದ್ದರೆ ನಗು ಅರ್ಧಕ್ಕೇ ನಿಲ್ಲುತ್ತಿತ್ತು. ಸುಮ್ಮನಿದ್ದುದರಿಂದ ಅದು ಪೂರ್ತಿಯಾಗಿ ಏರಿ ಇಳಿಯಿತು, ಮತ್ತು ‘ಇಲ್ಲಿ ಮಾತಾಡಿದರೆ ಮರ್ಯಾದೆ ಹೋಗುವುದಿಲ್ಲ’ ಎಂಬ ಸಂದೇಶ ಉಳಿದವರಿಗೂ ಮುಟ್ಟಿತು. ಕೊನೆಯದು ಅರ್ಧ ಗಂಟೆಯ ಬಳಿಕ ಬಂದ ಬಗ್‌ನ, ಅಂದರೆ ಸಾಫ್ಟ್‌ವೇರ್ ಟೆಸ್ಟಿಂಗ್‌ನವರು ಹುಡುಕಿ ದಾಖಲಿಸುವ ದೋಷದ, ಮಾತು. ಹಿಂದೆ ಆದುದನ್ನು ಅನಿರೀಕ್ಷಿತ ಜಾಗದಲ್ಲಿ ಮತ್ತೆ ಎತ್ತುವ ಇದನ್ನು ಕಾಲ್‌ಬ್ಯಾಕ್ ಎನ್ನುತ್ತಾರೆ. ಅದನ್ನು ಕಾಗದದ ಮೇಲೆ ಬರೆದು ಓದಿದರೆ ಯಾರೂ ನಗುವುದಿಲ್ಲ. ಆ ಹೊತ್ತಿಗೆ ಟೆಸ್ಟಿಂಗ್ ಸಾಹೇಬರು ಇಡೀ ಸಭೆಗೆ ಪರಿಚಿತರಾಗಿರುತ್ತಾರೆ. ಬೇರೆಲ್ಲೂ ಅರ್ಥವಾಗದ ಒಂದು ಗುಟ್ಟು ತಮಗೆ ಮಾತ್ರ ಗೊತ್ತು ಎಂಬ ಹಿಗ್ಗಿನಿಂದ ಆ ನಗು ಬರುತ್ತದೆ.

ಹಾಗಾದರೆ ಇದೆಲ್ಲ ನಿಜವಾಗಿ ಆ ಕ್ಷಣದಲ್ಲಿ ಹುಟ್ಟಿದ್ದೇ ಎಂಬ ಪ್ರಶ್ನೆ ಏಳುತ್ತದೆ. ಭಾಗಶಃ ಮಾತ್ರ. ಊರಿಂದೂರಿಗೆ ಹೋಗುವ ಹಾಸ್ಯಗಾರರು ‘ಏನು ಕೆಲಸ’ ಎಂದು ಕೇಳಿ ಕೇಳಿ, ಸಾಫ್ಟ್‌ವೇರ್, ಬ್ಯಾಂಕು, ಮೇಷ್ಟ್ರು, ಎಚ್‌ಆರ್, ರಿಯಲ್ ಎಸ್ಟೇಟ್ ಎಂಬ ಉತ್ತರಗಳನ್ನು ಎಷ್ಟೋ ಸಲ ಕೇಳಿರುತ್ತಾರೆ. ಒಮ್ಮೆ ಹೊಳೆದು ಚೆನ್ನಾಗಿ ಕೆಲಸ ಮಾಡಿದ ಮಾತು ನೆನಪಿನಲ್ಲಿ ಉಳಿಯುತ್ತದೆ, ಮುಂದಿನ ಊರಿನ ಮೇಷ್ಟ್ರಿಗೆ ಮತ್ತೆ ಬಳಕೆಯಾಗುತ್ತದೆ. ಮೇಲಿನ ಸಂಭಾಷಣೆಯಲ್ಲಿ ‘ತಪ್ಪು ಹುಡುಕೋಕೆ ಸಂಬಳ’ ಎಂಬುದು ಹಿಂದೆ ಹತ್ತು ಕಡೆ ಹೇಳಿದ ಮಾತಾಗಿರುವ ಸಾಧ್ಯತೆಯೇ ಹೆಚ್ಚು. ಮೇಡಂ ಅವರ ಉತ್ತರವೂ ಸ್ಪೀಕರಿನ ಕೀರಲೂ ಮಾತ್ರ ಆ ರಾತ್ರಿಯವು. ಇದನ್ನು ಮೋಸವೆಂದು ಕರೆಯುವುದನ್ನು ನಾನು ಒಪ್ಪುವುದಿಲ್ಲ. ಸಿದ್ಧವಿರುವ ಮಾತು ಕೈಯಲ್ಲಿದ್ದರೆ ಮನಸ್ಸು ನಿರಾಳವಾಗಿರುತ್ತದೆ, ಮನಸ್ಸು ನಿರಾಳವಾಗಿದ್ದರೆ ಮಾತ್ರ ಪಕ್ಕದ ಸೀಟಿನ ನಗು ಕಿವಿಗೆ ಬೀಳುತ್ತದೆ.

ಕನ್ನಡದವರಿಗೆ ಈ ಸಿದ್ಧತೆ ಮತ್ತು ಆಶುತನದ ಬೆರಕೆ ಹೊಸದೇನಲ್ಲ. ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನವಾದ ತಾಳಮದ್ದಳೆಯಲ್ಲಿ ಪ್ರಸಂಗ ಎಲ್ಲರಿಗೂ ಗೊತ್ತು, ಪದ್ಯಗಳೂ ಗೊತ್ತು. ಆದರೆ ಎದುರಿನ ಪಾತ್ರದ ಮಾತಾಡುವ ಅರ್ಥಧಾರಿ ಯಾವ ಪ್ರಶ್ನೆ ಎಸೆಯುತ್ತಾನೆ, ಅದಕ್ಕೆ ಏನುತ್ತರ ಎಂಬುದು ಆ ರಾತ್ರಿಯೇ ತೀರ್ಮಾನವಾಗುತ್ತದೆ. ಇನ್ನೂ ಹತ್ತಿರದ ಉದಾಹರಣೆ, ಒಬ್ಬ ಅವಧಾನಿ ಎಂಟು ಜನರ ಸವಾಲುಗಳಿಗೆ ಒಟ್ಟೊಟ್ಟಿಗೆ ಗಮನ ಕೊಟ್ಟು ಉತ್ತರಿಸುವ ಅಷ್ಟಾವಧಾನ. ಸವಾಲು ಒಡ್ಡುವ ಈ ಎಂಟು ಪೃಚ್ಛಕರಲ್ಲಿ ಒಬ್ಬರಿಗೆ ಅಪ್ರಸ್ತುತ ಪ್ರಸಂಗಿಯ ಪಾತ್ರವಿರುತ್ತದೆ. ಅವಧಾನಿ ಒಂದು ಕಡೆ ಬೇಡವೆಂದ ಅಕ್ಷರಗಳನ್ನು ಬಿಟ್ಟು ನಿಷೇಧಾಕ್ಷರಿಯ ಪದ್ಯ ಕಟ್ಟುತ್ತ, ಇನ್ನೊಂದು ಕಡೆ ಕೊಟ್ಟ ಪದಗಳನ್ನು ಸೇರಿಸಿ ಪದ್ಯ ಮಾಡಬೇಕಾದ ದತ್ತಪದಿಯನ್ನು ನೆನಪಿಟ್ಟುಕೊಂಡಿರುವಾಗ, ಸಂಬಂಧವೇ ಇಲ್ಲದ ತರಲೆ ಪ್ರಶ್ನೆಗಳನ್ನು ಕೇಳಿ ಅವರ ಏಕಾಗ್ರತೆ ಕೆಡಿಸುವುದು ಈ ಪ್ರಸಂಗಿಯ ಕೆಲಸ. ಅದಕ್ಕೆ ತಡಮಾಡದೆ, ಸಭೆ ನಗುವಂತೆ ಉತ್ತರಿಸಿ ಪದ್ಯಕ್ಕೆ ಮರಳುವುದು ಅವಧಾನಿಯ ಕೆಲಸ. ಕನ್ನಡದಲ್ಲಿ ಈ ಕಲೆಗೆ ಮರುಜೀವ ಕೊಟ್ಟ ಶತಾವಧಾನಿ ಆರ್. ಗಣೇಶ್ ಅವರ ಅವಧಾನಗಳಿಗೆ ಹೋದವರಲ್ಲಿ ಛಂದಸ್ಸಿನ ಗಂಧವಿಲ್ಲದವರೂ ಈ ಭಾಗಕ್ಕಾಗಿ ಕಾದು ಕೂರುವುದುಂಟು. ಮಧ್ಯೆ ಬಾಯಿ ಹಾಕುವವರನ್ನೇ ಕಾರ್ಯಕ್ರಮದ ಅಂಗವಾಗಿ ಮಾಡಿಕೊಂಡ ಈ ಏರ್ಪಾಡು ಸೋಹೊದ ಜಾಗಟೆಗಿಂತ ಎಷ್ಟೋ ನಾಜೂಕಾದದ್ದು ಎಂದು ಹೇಳದೆ ಇರಲಾರೆ.

ಆದರೆ ನಮ್ಮ ಹಾಸ್ಯೋತ್ಸವಗಳ ರೂಢಿ ಇದಕ್ಕಿಂತ ಬೇರೆ. ಅಲ್ಲಿ ಮಾತುಗಾರರು ಮೈಕಿನ ಮುಂದೆ ನಿಂತು ಪ್ರಸಂಗಗಳನ್ನು ಹೇಳುತ್ತಾರೆ, ಸಭೆಯನ್ನು ಒಟ್ಟಾಗಿ ಉದ್ದೇಶಿಸಿ ಮಾತಾಡುತ್ತಾರೆ. ಮಾಸ್ಟರ್ ಹಿರಣ್ಣಯ್ಯನವರು ನಾಟಕದ ನಡುವೆ ಬರೆದ ಸಂಭಾಷಣೆ ಬಿಟ್ಟು ಅಂದಿನ ರಾಜಕಾರಣವನ್ನು ಎಳೆದು ತಂದಾಗಲೂ ಅವರ ಬಾಣ ಅಧಿಕಾರದಲ್ಲಿದ್ದವರ ಕಡೆಗಿತ್ತು, ಟಿಕೆಟ್ ಕೊಂಡು ಬಂದವರ ಕಡೆಗಲ್ಲ. ಕ್ರೌಡ್ ವರ್ಕ್ ಹಾಗಲ್ಲ, ಅದು ಒಬ್ಬರನ್ನು ಬೆಳಕಿಗೆ ಎಳೆಯುತ್ತದೆ. ಆದ್ದರಿಂದ ಯಾರನ್ನು ಎಳೆಯಬೇಕು ಎಂಬ ಆಯ್ಕೆ ಈ ಕಲೆಯ ಅತ್ಯಂತ ಸೂಕ್ಷ್ಮವಾದ ಭಾಗ.

ಅನುಭವಿಗಳು ಮಾತಿಗೆ ಮೊದಲೇ ಮುಂದಿನ ಸಾಲುಗಳನ್ನು ಓದಿಕೊಂಡಿರುತ್ತಾರೆ. ಕೈಕಟ್ಟಿ ಕೂತು ನೆಲ ನೋಡುತ್ತಿರುವವರನ್ನು ಬಿಟ್ಟುಬಿಡುತ್ತಾರೆ. ಈಗಾಗಲೇ ನಗುತ್ತಿರುವ, ಕಣ್ಣು ತಪ್ಪಿಸದ, ಪಕ್ಕದವರ ಮುಖವನ್ನು ಆಗಾಗ ನೋಡುವ ಜನರನ್ನು ಹುಡುಕುತ್ತಾರೆ. ಕಚೇರಿಯಿಂದ ಹಿಂಡಾಗಿ ಬಂದವರು ಸಿಕ್ಕರೆ ಮೊದಲು ಬಾಸ್ ಯಾರೆಂದು ಕೇಳುತ್ತಾರೆ, ಏಕೆಂದರೆ ಬಾಸನ್ನು ಕೆಣಕಿದರೆ ಹತ್ತು ಜನರಿಗೆ ಖುಷಿಯಾಗುತ್ತದೆ, ತೀರ ಕಿರಿಯ ನೌಕರನನ್ನು ಕೆಣಕಿದರೆ ಸಭೆಗೇ ಕಸಿವಿಸಿಯಾಗುತ್ತದೆ. ಮೈಕು, ಎತ್ತರದ ವೇದಿಕೆ, ಬೆಳಕು ಎಲ್ಲವೂ ಹಾಸ್ಯಗಾರರ ಕಡೆಗೇ ಇರುವ ಈ ಸಂವಾದದಲ್ಲಿ ಸಮಾನತೆ ಇಲ್ಲ. ಅದನ್ನು ಅರಿತವರು ಮೊದಲು ತಮ್ಮನ್ನೇ ಗೇಲಿ ಮಾಡಿಕೊಂಡು ಆಮೇಲೆ ಎದುರಿನವರ ಕಡೆ ಬರುತ್ತಾರೆ. ಎದುರಿನ ಮುಖ ಬಾಡಿತೆಂದರೆ ಜೋಕಿನ ತುದಿಯನ್ನು ತಮ್ಮ ಕಡೆಗೇ ತಿರುಗಿಸಿಕೊಂಡು ಮುಂದೆ ಹೋಗುತ್ತಾರೆ. ಮೈಬಣ್ಣ, ದಪ್ಪ, ಜಾತಿ, ಉಚ್ಚಾರ ಇವುಗಳ ಮೇಲೆ ಬೀಳುವ ನಗು ಸುಲಭವಾದದ್ದು. ಅದಕ್ಕೆ ಎದುರಿನವರು ಬಾಯಿ ತೆರೆಯುವ ಅಗತ್ಯವೇ ಇಲ್ಲವಾದ್ದರಿಂದ ಅದನ್ನು ಸಂವಾದವೆಂದು ಕರೆಯುವುದೇ ತಪ್ಪೆಂದು ನನಗೆ ಅನ್ನಿಸುತ್ತದೆ.

ಕನ್ನಡದಲ್ಲಿ ಈ ಅಂತರವನ್ನು ಅಳೆಯಲು ಸಂಬೋಧನೆಯೂ ಒದಗುತ್ತದೆ. ‘ಸರ್, ನೀವು’ ಎಂದು ಆರಂಭವಾದ ಮಾತು ಒಳ್ಳೆಯ ಉತ್ತರ ಬಂದ ಕೂಡಲೇ ‘ಗುರುವೇ’ ಎಂದು ಸಲುಗೆಗೆ ಇಳಿದರೆ, ಆ ಇಳಿತಕ್ಕೇ ಒಂದು ನಗು ಬರುತ್ತದೆ. ವಯಸ್ಸಾದವರ ಮುಂದೆ ಅದೇ ಸಲುಗೆ ತೋರಿದರೆ ಸಭೆ ತಣ್ಣಗಾಗುತ್ತದೆ. ‘ಊರು ಯಾವುದು’ ಎಂಬ ಪ್ರಶ್ನೆಗೆ ಮಂಡ್ಯ, ಹುಬ್ಬಳ್ಳಿ, ಕುಂದಾಪುರ ಎಂಬ ಉತ್ತರ ಬಂದರೆ, ಹಾಸ್ಯಗಾರರು ಬಾಯಿ ತೆರೆಯುವ ಮೊದಲೇ ಸಭೆಯ ಒಂದು ಮೂಲೆಯಿಂದ ಶಿಳ್ಳೆ ಕೇಳಿಸುತ್ತದೆ. ಲೋಲ್‌ಬಾಗ್‌ನಂಥ ತಂಡಗಳು ಕನ್ನಡದಲ್ಲೇ ಸ್ಟ್ಯಾಂಡ್‌ಅಪ್ ಮಾಡತೊಡಗಿದ ಮೇಲೆ ಇಂಥ ಅನುಕೂಲಗಳು ಕಣ್ಣಿಗೆ ಬೀಳತೊಡಗಿದವು. ಹೊರದೇಶದ ಕನ್ನಡ ಕೂಟಗಳಲ್ಲಿ ತೊಂದರೆ ಬೇರೆ ಬಗೆಯದು. ಅಲ್ಲಿ ಕೂತವರೆಲ್ಲ ಒಬ್ಬರಿಗೊಬ್ಬರು ಗೊತ್ತಿರುವುದರಿಂದ, ಉತ್ತರ ಬರುವ ಮೊದಲೇ ಸಭೆ ನಕ್ಕುಬಿಡುತ್ತದೆ, ಯಾಕೆ ನಕ್ಕರೆಂದು ತಿಳಿಯದವರು ವೇದಿಕೆಯ ಮೇಲೆ ನಿಂತವರೊಬ್ಬರೇ.

ಸಭಾಂಗಣದ ರಚನೆಯೂ ಇಲ್ಲಿ ಪಾಲುದಾರ. ತಗ್ಗು ಚಾವಣಿ, ಒತ್ತೊತ್ತಾದ ಕುರ್ಚಿಗಳು, ವೇದಿಕೆಗೆ ತಾಗಿದಂತಿರುವ ಮೊದಲ ಸಾಲು ಇದ್ದರೆ ನಗು ಒಬ್ಬರಿಂದ ಒಬ್ಬರಿಗೆ ಬೇಗ ಹರಡುತ್ತದೆ. ಮುಂದಿನ ಕುರ್ಚಿಗಳು ಖಾಲಿ ಬಿದ್ದಿದ್ದರೆ ಸಂಘಟಕರು ಹಿಂದಿನವರನ್ನು ಎಬ್ಬಿಸಿ ಮುಂದೆ ಕೂರಿಸುವುದು ಅದಕ್ಕಾಗಿಯೇ. ಕ್ರೌಡ್ ವರ್ಕ್ ಮಾಡುವಾಗ ಪ್ರೇಕ್ಷಕರ ಮೇಲಿನ ದೀಪಗಳನ್ನು ಕೊಂಚ ಏರಿಸಲು ಹೇಳುತ್ತಾರೆ, ಇಲ್ಲವಾದರೆ ಕಣ್ಣಿಗೆ ಹೊಡೆಯುವ ಬೆಳಕಿನಲ್ಲಿ ನಿಂತವರಿಗೆ ಮೂರನೇ ಸಾಲಿನಾಚೆ ಕತ್ತಲೆಯಷ್ಟೇ ಕಾಣುತ್ತದೆ. ಸಾವಿರಾರು ಜನರ ಒಳಾಂಗಣ ಕ್ರೀಡಾಂಗಣದಲ್ಲಿ ಇದೇ ಕೆಲಸ ಬಹಳ ಕಷ್ಟ. ಉತ್ತರಿಸುವವರ ಮುಖವೂ ಕಾಣದೆ ದನಿಯೂ ಕೇಳದೆ ಇರುವಾಗ ಹಿಂದಿನವರ ಪಾಲಿಗೆ ಅದು ಫೋನಿನಲ್ಲಿ ಒಂದು ಕಡೆಯ ಮಾತು ಮಾತ್ರ ಕೇಳಿಸಿಕೊಂಡಂತೆ.

ಕರೆಯದೆ ಬಾಯಿ ಹಾಕುವವರ ಸಂಗತಿ ಬೇರೆ. ಹಾಸ್ಯಗಾರರು ಕೇಳಿದ ಪ್ರಶ್ನೆಗೆ ಉತ್ತರಿಸುವುದು ಒಂದು, ಕತೆಯ ನಡುವೆ ಕುಡಿದ ಮತ್ತಿನಲ್ಲಿ ಕೂಗುವುದು ಇನ್ನೊಂದು. ಪಳಗಿದವರು ಮೊದಲ ಕೂಗನ್ನು ಸಾಮಾನ್ಯವಾಗಿ ಕೇಳಿಸದಂತೆ ಬಿಡುತ್ತಾರೆ. ಕೂಗು ಹತ್ತಿರದ ನಾಲ್ಕು ಜನರಿಗಷ್ಟೇ ಕೇಳಿಸಿರುವಾಗ ವೇದಿಕೆಯಿಂದ ಖಾರವಾದ ಉತ್ತರ ಹೊರಟರೆ, ಉಳಿದವರ ಕಣ್ಣಿಗೆ ಹಾಸ್ಯಗಾರರೇ ಕಾಲು ಕೆರೆದು ಜಗಳಕ್ಕೆ ಹೋದಂತೆ ಕಾಣುತ್ತದೆ. ಎರಡನೇ ಸಲ ಕೂಗಿದಾಗ, ಆ ಕಿರಿಕಿರಿ ಇಡೀ ಸಭೆಗೆ ತಟ್ಟಿದ ಮೇಲೆ, ಉತ್ತರಿಸಿದರೆ ಸಭೆ ಅವರ ಪರ ನಿಲ್ಲುತ್ತದೆ.

ಈಚಿನ ವರ್ಷಗಳಲ್ಲಿ ಈ ಗೆರೆ ಮಸುಕಾಗಿರುವುದಕ್ಕೆ ಮೊಬೈಲಿನ ವಿಡಿಯೊ ತುಣುಕುಗಳೇ ಕಾರಣ, ಮತ್ತು ಅದರ ಹಿಂದೆ ಸರಳವಾದ ಒಂದು ಲೆಕ್ಕಾಚಾರವಿದೆ. ಒಂದು ಗಂಟೆಯ ಗಟ್ಟಿ ಸಾಮಗ್ರಿ ಸಿದ್ಧವಾಗಲು ವರ್ಷವೋ ಅದಕ್ಕಿಂತ ಹೆಚ್ಚೋ ಹಿಡಿಯುತ್ತದೆ. ಅದರ ಒಳ್ಳೆಯ ಜೋಕನ್ನು ಜಾಲಕ್ಕೆ ಹಾಕಿದರೆ, ಟಿಕೆಟ್ ಕೊಂಡು ಬಂದವರು ಅದನ್ನು ಆಗಲೇ ಕೇಳಿರುತ್ತಾರೆ. ಆ ಜೋಕು ಸುಟ್ಟುಹೋದಂತೆ. ಮೈಸೂರಿನ ಪ್ರೇಕ್ಷಕರೊಬ್ಬರ ಜತೆ ನಡೆದ ಮಾತುಕತೆಯನ್ನು ಹಾಕಿದರೆ ಯಾವ ನಷ್ಟವೂ ಇಲ್ಲ, ಏಕೆಂದರೆ ದಾವಣಗೆರೆಯಲ್ಲಿ ಅದನ್ನು ಮತ್ತೆ ಹೇಳಬೇಕಾಗಿಯೇ ಇಲ್ಲ. ಹೀಗೆ ಕಾರ್ಯಕ್ರಮದ ಅಂಚಿನಲ್ಲಿದ್ದ ಭಾಗ ಜಾಹೀರಾತಿನ ಮುಖವಾಯಿತು. ಅಮೆರಿಕದ ಮ್ಯಾಟ್ ರೈಫ್ 2022ರಲ್ಲಿ ಟಿಕ್‌ಟಾಕ್‌ನಲ್ಲಿ ಹರಡಿದ ಇಂಥ ತುಣುಕುಗಳಿಂದ ಹೆಸರಾಗಿ ಮರುವರ್ಷ ವಿಶ್ವ ಪ್ರವಾಸಕ್ಕೆ ಹೊರಟರು. 2024ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದ ಅವರ ‘ಲೂಸಿಡ್’ ಕಾರ್ಯಕ್ರಮ ಪೂರ್ತಿಯಾಗಿ ಕ್ರೌಡ್ ವರ್ಕ್‌ಗೇ ಮೀಸಲಾಗಿತ್ತು. ಟಿಕ್‌ಟಾಕ್ 2020ರಲ್ಲೇ ನಿಷೇಧವಾದ ನಮ್ಮ ದೇಶದಲ್ಲಿ ಅದೇ ಕೆಲಸವನ್ನು ಇನ್‌ಸ್ಟಾಗ್ರಾಮ್ ರೀಲ್ಸ್ ಮತ್ತು ಯೂಟ್ಯೂಬ್ ಶಾರ್ಟ್ಸ್ ಮಾಡುತ್ತಿವೆ.

ತುಣುಕು ತೋರಿಸದೆ ಬಿಡುವುದು ಬಹಳ. ಒಂದು ರಾತ್ರಿಯಲ್ಲಿ ಹತ್ತು ಜನರನ್ನು ಮಾತಾಡಿಸಿದರೆ ಏಳು ಸಂಭಾಷಣೆಗಳು ಎಲ್ಲಿಗೂ ತಲುಪದೆ ಸಾಯಬಹುದು, ಎರಡು ಪರವಾಗಿಲ್ಲ ಎನ್ನಿಸಬಹುದು, ಉಳಿದ ಒಂದು ಮಾತ್ರ ಪರದೆಯ ಮೇಲೆ ಮೂಡುವ ಅಕ್ಷರಗಳೊಡನೆ ನಮ್ಮ ಫೋನಿಗೆ ಬರುತ್ತದೆ. ಉತ್ತರಕ್ಕೂ ಪ್ರತ್ಯುತ್ತರಕ್ಕೂ ನಡುವಿನ ತಡವರಿಕೆಯನ್ನು ಕತ್ತರಿಸಿ ತೆಗೆದಿರುತ್ತಾರೆ. ಅದನ್ನು ನೋಡಿ ಬೆಳೆದ ಪ್ರೇಕ್ಷಕರಲ್ಲಿ ಕೆಲವರು, ಕೂಗಿದರೆ ತಾವೂ ವಿಡಿಯೊದಲ್ಲಿ ಬರಬಹುದೆಂಬ ಆಸೆಯಿಂದ, ಕಷ್ಟಪಟ್ಟು ಕಟ್ಟಿದ ಕತೆಯ ನಡುವೆ ಬಾಯಿ ಹಾಕುತ್ತಾರೆ ಎಂಬ ದೂರು ಹಾಸ್ಯಗಾರರಲ್ಲಿ ಸಾಮಾನ್ಯವಾಗಿದೆ. ದೂರು ನ್ಯಾಯವಾದದ್ದೇ, ಆದರೆ ಆ ಚಟ ಹತ್ತಿಸಿದ್ದೂ ಅವರ ತುಣುಕುಗಳೇ.

ಭಾರತದಲ್ಲಿ ಇದಕ್ಕೆ ಇನ್ನೊಂದು ಅಪಾಯ ಅಂಟಿಕೊಂಡಿದೆ. ಬರೆದ ಜೋಕನ್ನು ಮೊದಲೇ ನಾಲ್ಕು ಜನರಿಗೆ, ಬೇಕಾದರೆ ವಕೀಲರಿಗೂ ತೋರಿಸಿ ತಿದ್ದಬಹುದು. ಕ್ರೌಡ್ ವರ್ಕ್‌ನಲ್ಲಿ ಬಾಯಿ ಜಾರಿದ ಮಾತು ಕ್ಯಾಮೆರಾಕ್ಕೆ ಸಿಕ್ಕಿಬಿಟ್ಟಿರುತ್ತದೆ. ಧಾರ್ಮಿಕ ಭಾವನೆಗಳನ್ನು ಉದ್ದೇಶಪೂರ್ವಕವಾಗಿ ಕೆರಳಿಸುವುದನ್ನು ಅಪರಾಧವೆಂದು ಹೇಳುವ ಹಿಂದಿನ ದಂಡ ಸಂಹಿತೆಯ 295ಎ ಕಲಂ ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲಿ 299ನೆಯದಾಗಿ ಮುಂದುವರಿದಿದೆ. ಇಂಥದೇ ಆರೋಪದ ಮೇಲೆ 2021ರ ಜನವರಿ 1ರಂದು ಇಂದೋರಿನಲ್ಲಿ ಬಂಧಿತರಾದ ಸ್ಟ್ಯಾಂಡ್‌ಅಪ್ ಹಾಸ್ಯಗಾರ ಮುನವ್ವರ್ ಫಾರೂಕಿ, ಸುಪ್ರೀಂ ಕೋರ್ಟ್ ಮಧ್ಯಂತರ ಜಾಮೀನು ನೀಡುವವರೆಗೆ ಒಂದು ತಿಂಗಳಿಗೂ ಹೆಚ್ಚು ಕಾಲ ಜೈಲಿನಲ್ಲಿದ್ದರು. ಅದೇ ವರ್ಷ ನವೆಂಬರ್ 28ಕ್ಕೆ ನಿಗದಿಯಾಗಿದ್ದ ಅವರ ಬೆಂಗಳೂರಿನ ಕಾರ್ಯಕ್ರಮ, ಪೊಲೀಸರು ಸಂಘಟಕರಿಗೆ ಪತ್ರ ಬರೆದ ಮೇಲೆ ರದ್ದಾಯಿತು. ಆದ್ದರಿಂದ ಇಲ್ಲಿನ ಕ್ರೌಡ್ ವರ್ಕ್ ಹೆಚ್ಚಾಗಿ ಕೆಲಸ, ಮದುವೆ, ಬಾಡಿಗೆ, ಟ್ರಾಫಿಕ್ಕು ಎಂಬ ಕ್ಷೇಮದ ವಲಯದಲ್ಲೇ ಸುತ್ತುತ್ತದೆ ಎಂದರೆ ಅದಕ್ಕೆ ಕಲ್ಪನೆಯ ಬಡತನವೊಂದೇ ಕಾರಣವಲ್ಲ.

ಇನ್ನು ಪ್ರೇಕ್ಷಕರ ಪಾಲು. ಮಾತಾಡಿಸಿದಾಗ ಚಿಕ್ಕದಾಗಿ, ಗಟ್ಟಿಯಾಗಿ, ನಿಜವನ್ನೇ ಹೇಳಿದರೆ ಸಾಕು. ತಮಾಷೆ ಮಾಡಲು ಹೋಗಿ ಕಟ್ಟಿದ ಸುಳ್ಳಿನಿಂದ ಮುಂದಿನ ಪ್ರಶ್ನೆ ಹುಟ್ಟುವುದಿಲ್ಲ, ಸಂಭಾಷಣೆ ಅಲ್ಲಿಗೇ ನಿಲ್ಲುತ್ತದೆ. ಚಿತ್ರೀಕರಣವಿರುವ ಕಡೆ ಬಾಗಿಲಲ್ಲೋ ಟಿಕೆಟ್ಟಿನ ನಿಬಂಧನೆಗಳಲ್ಲೋ ಸೂಚನೆ ಇರಬಹುದು, ಅದನ್ನು ಓದಿಕೊಳ್ಳುವುದು ಒಳ್ಳೆಯದು. ತಮ್ಮ ತುಣುಕನ್ನು ಹಾಕಬಾರದೆಂದಿದ್ದರೆ ಕಾರ್ಯಕ್ರಮ ಮುಗಿದ ಕೂಡಲೇ ಸಂಘಟಕರಿಗೆ ತಿಳಿಸಬೇಕು, ಒಮ್ಮೆ ಹರಡಿದ ಮೇಲೆ ಹಿಂದಕ್ಕೆ ಪಡೆಯುವುದು ಕಷ್ಟ. ಮಾತಿಗೇ ಸಿಕ್ಕಬಾರದೆಂದಿರುವವರು ಐದನೇ ಸಾಲಿನಾಚೆ, ನಡುವಿನ ಓಣಿಯಿಂದ ದೂರ ಕೂತರೆ ಬಹುಮಟ್ಟಿಗೆ ಪಾರಾಗುತ್ತಾರೆ. ತಡವಾಗಿ ಬಂದು ಬಗ್ಗಿಕೊಂಡು ಸೀಟು ಹುಡುಕುವವರಿಗೆ ಮಾತ್ರ ಯಾವ ಸಾಲಿನ ಟಿಕೆಟ್ಟಿದ್ದರೂ ವಿನಾಯಿತಿ ಸಿಗುವುದಿಲ್ಲ.